ಚೈನೋ ಗೇರೋ: ತೋಟದ ಎರಡು ಜೀಪುಗಳ ಟೈಮಿಂಗ್ ಹೋಲಿಕೆ

ಚಿಕ್ಕಮಗಳೂರಿನ ಆಲ್ದೂರಿನ ಸಮೀಪವಿರುವ ನಮ್ಮ ಕಾಫಿ ತೋಟದಲ್ಲಿ ಎರಡು ಪೆಟ್ರೋಲ್ ಜೀಪುಗಳಿವೆ. ಒಂದು, ಮಹಾಯುದ್ಧದ ನಂತರ ಮಿಲಿಟರಿ ಡಿಸ್ಪೋಸಲ್‌ನಲ್ಲಿ ಅಜ್ಜ ಕೊಂಡ ವಿಲ್ಲಿಸ್ ಎಂ.ಬಿ.; ಇನ್ನೊಂದು, ಅಪ್ಪನ ಕಾಲದಲ್ಲಿ ಬಂದ ಮಹೀಂದ್ರಾ ಸಿ.ಜೆ. 3ಬಿ. ಎರಡರ ಎಂಜಿನ್ನೂ 2199 ಸಿ.ಸಿ.ಯ ನಾಲ್ಕು ಸಿಲಿಂಡರಿನದೇ, ಒಂದೇ ವಂಶದ್ದೇ. ಆದರೆ ಮೊದಲನೆಯದರಲ್ಲಿ, ಗಾಳಿ-ಪೆಟ್ರೋಲನ್ನು ಒಳಬಿಟ್ಟು ಹೊಗೆಯನ್ನು ಹೊರಬಿಡುವ ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ತೆರೆಯುವ (ಇದೇ ಟೈಮಿಂಗ್) ಕ್ಯಾಮ್‌ಶಾಫ್ಟನ್ನು ಟೈಮಿಂಗ್ ಚೈನು ತಿರುಗಿಸುತ್ತದೆ, ಎರಡನೆಯದರಲ್ಲಿ ಅದನ್ನು ಗೇರುಗಳು ತಿರುಗಿಸುತ್ತವೆ. ಒಂದು ವರ್ಷದ ಅಂತರದಲ್ಲಿ ಎರಡರ ಮುಂಭಾಗವನ್ನೂ ಬಿಚ್ಚಬೇಕಾಗಿ ಬಂದದ್ದರಿಂದ ಈ ಹೋಲಿಕೆಗೆ ಅವಕಾಶವಾಯಿತು.

ಮೊದಲು ಸೊರಗಿದ್ದು ಚೈನಿನ ಜೀಪು. ಹಣ್ಣಿನ ಮೂಟೆಗಳನ್ನು ಹೇರಿಕೊಂಡು ಹಳ್ಳದಿಂದ, ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಮನೆಗೆ ಏರುವಾಗ ಎರಡನೇ ಗೇರಿನಲ್ಲಿ ಬರುತ್ತಿದ್ದ ಗಾಡಿ ಮೊದಲನೇ ಗೇರು ಕೇಳತೊಡಗಿತು. ಪೇಟೆಯ ಮೆಕ್ಯಾನಿಕ್ ಒಬ್ಬರು ಕಿವಿಗೊಟ್ಟು ಕೇಳಿ, "ಕರೆಂಟ್ ಲೇಟಾಗಿದೆ ಸಾರ್, ಒಂಚೂರು ಅಡ್ವಾನ್ಸ್ ಕೊಡ್ತೀನಿ" ಎಂದು ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು, ಕಿಡಿ ಬೇಗ ಬರುವಂತೆ ತಿರುಗಿಸಿ ಬಿಗಿದರು. ಗಾಡಿ ಸ್ವಲ್ಪ ಸುಧಾರಿಸಿತು. ಮೂರು ತಿಂಗಳಲ್ಲಿ ಮತ್ತೆ ಅದೇ ಕಥೆಯಾಯಿತು. ಅವರು ಹೇಳಿದ್ದು ಸುಳ್ಳಲ್ಲ, ಅರ್ಧ ಸತ್ಯ. ಈ ಎಂಜಿನ್ನಿನಲ್ಲಿ ಕ್ಯಾಮ್‌ಶಾಫ್ಟು ಆಯಿಲ್ ಪಂಪನ್ನೂ, ಆಯಿಲ್ ಪಂಪಿನ ಮೂಲಕ ಡಿಸ್ಟ್ರಿಬ್ಯೂಟರನ್ನೂ ಓಡಿಸುತ್ತದೆ. ಚೈನಿನ ಕೀಲುಗಳು ಸವೆದು ಅದು ಉದ್ದವಾದಾಗ ಕ್ಯಾಮ್ ಹಿಂದೆ ಬೀಳುತ್ತದೆ, ಅದರೊಂದಿಗೆ ವಾಲ್ವುಗಳೂ ಕಿಡಿಯೂ ಒಟ್ಟಿಗೇ ತಡವಾಗುತ್ತವೆ. ಡಿಸ್ಟ್ರಿಬ್ಯೂಟರನ್ನು ತಿರುಗಿಸಿದರೆ ಕಿಡಿ ಮಾತ್ರ ಸರಿಯಾಗುತ್ತದೆ, ವಾಲ್ವುಗಳ ತಡ ಹಾಗೆಯೇ ಉಳಿಯುತ್ತದೆ, ಮತ್ತು ರೋಗದ ಮುಖ್ಯ ಗುರುತೊಂದು ಮುಚ್ಚಿಹೋಗುತ್ತದೆ.

ಕಿಡಿಯ ತಡವನ್ನೂ ವಾಲ್ವುಗಳ ತಡವನ್ನೂ ಬೇರ್ಪಡಿಸಿ ನೋಡಲು ನನಗೆ ನೆರವಾದದ್ದು, ಎಂಜಿನ್ನು ಗಾಳಿಯನ್ನು ಎಳೆದುಕೊಳ್ಳುವ ಬಲವನ್ನು ಪಾದರಸದ ಇಂಚಿನಲ್ಲಿ ತೋರಿಸುವ ವ್ಯಾಕ್ಯೂಮ್ ಗೇಜು. ಸಮುದ್ರಮಟ್ಟದಲ್ಲಿ ಆರೋಗ್ಯವಂತ ಎಂಜಿನ್ನು ಐಡ್ಲಿಂಗ್‌ನಲ್ಲಿ 17ರಿಂದ 21 ಇಂಚು ತೋರಿಸುತ್ತದೆ ಎಂದು ಪುಸ್ತಕಗಳು ಹೇಳುತ್ತವೆ. ಆದರೆ ಪ್ರತಿ ಸಾವಿರ ಅಡಿ ಎತ್ತರಕ್ಕೆ ಸುಮಾರು ಒಂದು ಇಂಚು ಕಳೆಯಬೇಕು. ನಮ್ಮ ಚಿಕ್ಕಮಗಳೂರು ಮೂರು ಸಾವಿರ ಅಡಿಗೂ ಮೇಲಿರುವುದರಿಂದ ಇಲ್ಲಿ 14ರಿಂದ 18 ಬಂದರೆ ಅದೇ ಸಹಜ. ಈ ಲೆಕ್ಕ ಮರೆತವರು ಮಲೆನಾಡಿನ ಒಳ್ಳೆಯ ಎಂಜಿನ್ನನ್ನೂ ರೋಗಿಯೆಂದು ಬಿಚ್ಚಿಹಾಕುತ್ತಾರೆ. ಗೇರಿನ ಜೀಪು 16 ತೋರಿಸಿತು. ಚೈನಿನ ಜೀಪು ಅಲುಗಾಡದೆ 13ರಲ್ಲಿ ನಿಂತಿತು, ಕಿಡಿ ಎಷ್ಟು ಬೇಗ ಬರುವಂತೆ ಮಾಡಿದರೂ ಮುಳ್ಳು ಅರ್ಧ ಇಂಚಿಗಿಂತ ಹೆಚ್ಚು ಏರಲಿಲ್ಲ. ಕಿಡಿ ಮಾತ್ರ ತಡವಾಗಿದ್ದರೆ ಅದು ಅಲ್ಲಿಯೇ ಚೇತರಿಸಿಕೊಳ್ಳಬೇಕಿತ್ತು. ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ನಾಲ್ಕೂ ಸಿಲಿಂಡರಿನಲ್ಲಿ ಸಮನಾಗಿ ಕಡಿಮೆಯಿತ್ತು. ಒಂದು ಚಮಚ ಆಯಿಲ್ ಹಾಕಿ ಮತ್ತೆ ಅಳೆದಾಗಲೂ ಏರದಿದ್ದುದರಿಂದ ಪಿಸ್ಟನ್ ರಿಂಗುಗಳ ಮೇಲಿನ ಅನುಮಾನ ಹೋಯಿತು.

ಕೊನೆಯ ಪರೀಕ್ಷೆಗೆ ಬೇಕಾದದ್ದು ಸೀಮೆಸುಣ್ಣ ಮತ್ತು ದಾರ ಮಾತ್ರ. ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಪ್ಲಗ್ಗುಗಳನ್ನು ಬಿಚ್ಚಿ, ಹ್ಯಾಂಡಲ್ ಹಾಕಿ ಎಂಜಿನ್ನನ್ನು ಅದು ಓಡುವ ದಿಕ್ಕಿಗೇ ನಿಧಾನವಾಗಿ ತಿರುಗಿಸಿ ನಿಲ್ಲಿಸಿ, ಪಿಸ್ಟನ್ನುಗಳು ತಿರುಗಿಸುವ ಮುಖ್ಯ ಶಾಫ್ಟಾದ ಕ್ರ್ಯಾಂಕಿನ ಪುಲ್ಲಿಯ ಮೇಲೊಂದು ಗೀಟು ಎಳೆದೆ. ಹ್ಯಾಂಡಲ್ ಹಿಮ್ಮುಖವಾಗಿ ಎಂಜಿನ್ನನ್ನು ಹಿಡಿಯದ ಕಾರಣ ಫ್ಯಾನ್ ಬೆಲ್ಟನ್ನು ಸಡಿಲಿಸಿ, ಪುಲ್ಲಿಯನ್ನೇ ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ತಿರುಗಿಸುತ್ತ ಹೋದೆ. ಡಿಸ್ಟ್ರಿಬ್ಯೂಟರಿನೊಳಗೆ ತಿರುಗುವ ರೋಟರ್ ಅಲುಗಿದ ಕ್ಷಣದಲ್ಲಿ ಇನ್ನೊಂದು ಗೀಟು ಬಿತ್ತು. ಚೈನು ಸಡಿಲವಿದ್ದಷ್ಟೂ ರೋಟರ್ ತಡವಾಗಿ ಅಲುಗುತ್ತದೆ, ಗೀಟುಗಳ ಅಂತರ ಹೆಚ್ಚುತ್ತದೆ. ಪುಲ್ಲಿಯ ಸುತ್ತಳತೆಯನ್ನು ದಾರದಲ್ಲಿ ಅಳೆದು 360ರಿಂದ ಭಾಗಿಸಿದರೆ ಒಂದು ಡಿಗ್ರಿಗೆ ಎಷ್ಟು ಮಿಲಿಮೀಟರ್ ಎಂಬುದು ಸಿಗುತ್ತದೆ. ಚೈನಿನ ಜೀಪಿನಲ್ಲಿ ಎರಡು ಗೀಟುಗಳ ನಡುವೆ 11 ಡಿಗ್ರಿ ಬಂತು, ಗೇರಿನದರಲ್ಲಿ ಎರಡೂವರೆ. ಡಿಸ್ಟ್ರಿಬ್ಯೂಟರಿನ ಸ್ವಂತ ಆಟವೂ ಇದರಲ್ಲಿ ಸೇರಿರುತ್ತದೆಯಾದರೂ 11 ಡಿಗ್ರಿಗೆ ಅದು ಸಬೂಬಾಗದು. ಚೈನು ಮತ್ತು ಎರಡೂ ಸ್ಪ್ರಾಕೆಟ್‌ಗಳನ್ನು ಒಟ್ಟಿಗೆ ಬದಲಿಸಿದ ಮೇಲೆ ಗೇಜು ಹದಿನೈದೂವರೆಗೆ ಏರಿತು. ಹಳೆಯ ಸ್ಪ್ರಾಕೆಟ್‌ಗೆ ಹೊಸ ಚೈನು ಹಾಕುವುದು ದುಡ್ಡು ದಂಡ.

ಗೇರಿನ ಜೀಪು ಕೆಟ್ಟದ್ದು ಬೇರೆಯೇ ರೀತಿಯಲ್ಲಿ. ಅದರಲ್ಲಿ ಕ್ರ್ಯಾಂಕಿನ ಗೇರು ಉಕ್ಕಿನದು, ಕ್ಯಾಮಿನ ದೊಡ್ಡ ಗೇರು ಫೈಬರಿನದು. ಸವೆದರೂ ಟೈಮಿಂಗ್ ಹೆಚ್ಚು ಸರಿಯುವುದಿಲ್ಲ, ಅದು ಅದರ ದೊಡ್ಡ ಗುಣ. ದೋಷವೆಂದರೆ ಮುನ್ಸೂಚನೆ ಕೊಡದಿರುವುದು: ಒಂದು ಬೆಳಿಗ್ಗೆ ಕಣದ ಪಕ್ಕದಲ್ಲಿ ನಿಂತ ಗಾಡಿ ಮತ್ತೆ ಸ್ಟಾರ್ಟ್ ಆಗಲಿಲ್ಲ, ಮುಚ್ಚಳ ತೆಗೆದರೆ ಮೂರು ಹಲ್ಲು ಕಿತ್ತು ಬಿದ್ದಿದ್ದವು. ಹಲ್ಲುಗಳಿಗೆ ಆಯಿಲ್ ಚಿಮ್ಮಿಸುವ ಸಣ್ಣ ಜೆಟ್ಟು ಕೆಸರಿನಿಂದ ಕಟ್ಟಿಕೊಂಡಿತ್ತು. ಬದಲಿಗೆ ಅಲ್ಯೂಮಿನಿಯಂ ಗೇರು ಹಾಕಿಸಿ ಆರು ತಿಂಗಳು ಓಡಿಸಿದೆ. ಗಟ್ಟಿಯೇನೋ ಹೌದು, ಆದರೆ ಅದರ ಕುಂಯ್ ಎನ್ನುವ ಸದ್ದಿನಲ್ಲಿ ವಾಲ್ವನ್ನು ಎತ್ತುವ ಟ್ಯಾಪೆಟ್ಟಿನ ಸದ್ದು ಕೇಳಿಸದಾಯಿತು. ಎಂಜಿನ್ನಿನ ಮಾತು ಕಿವಿಗೆ ಬೀಳಬೇಕೆನ್ನುವ ನಾನು ಮತ್ತೆ ಫೈಬರಿಗೇ ಮರಳಿದೆ, ಜೆಟ್ಟನ್ನು ತಂತಿ ಹಾಕಿ ಶುಚಿಮಾಡಿಸಿದೆ.

ಹಾಗಾದರೆ ಚೈನಿನ ಎಂಜಿನ್ನಿಗೆ ಗೇರು ಹಾಕಿಸಿಬಿಡಬಹುದಲ್ಲವೇ ಎಂದು ಪಕ್ಕದ ತೋಟದವರು ಕೇಳಿದರು. ವಿಲ್ಲಿಸ್ ಕಂಪನಿಯೇ ಯುದ್ಧದ ನಂತರ ಚೈನನ್ನು ಬಿಟ್ಟು ಗೇರಿಗೆ ಹೋಯಿತೆಂಬುದು ನಿಜ. ಆದರೆ ಚೈನಿನಲ್ಲಿ ಕ್ಯಾಮು ಕ್ರ್ಯಾಂಕಿನ ದಿಕ್ಕಿಗೇ ತಿರುಗುತ್ತದೆ, ಎರಡು ಗೇರುಗಳು ಕಚ್ಚಿಕೊಂಡಾಗ ವಿರುದ್ಧ ದಿಕ್ಕಿಗೆ ತಿರುಗುತ್ತದೆ. ಆದ್ದರಿಂದ ಕ್ಯಾಮ್‌ಶಾಫ್ಟೇ ಬೇರೆಯದಾಗಬೇಕು, ಅದರೊಂದಿಗೆ ಆಯಿಲ್ ಪಂಪೂ ಬೇರೆ ಬೇಕು. ಅಷ್ಟು ಖರ್ಚಿಗೆ ಗೇರಿನ ಎಂಜಿನ್ನನ್ನೇ ಹುಡುಕುವುದು ಮೇಲು. ಹೊಸದಾಗಿ ಎಂಜಿನ್ ಕೊಳ್ಳುವವರಾದರೆ ನಾನು ಗೇರಿನದನ್ನೇ ಹೇಳುತ್ತೇನೆ. ಇರುವ ಚೈನನ್ನು ಕೀಳಿಸಲು ಹೇಳುವುದಿಲ್ಲ, ಏಕೆಂದರೆ ಚೈನು ತಾನು ಸೋಲುತ್ತಿರುವುದನ್ನು ತಿಂಗಳುಗಟ್ಟಲೆ ಮೊದಲೇ ತಿಳಿಸುತ್ತದೆ. ತುಂಡಾದರೂ ಆ ಎಂಜಿನ್ನಿನ ವಾಲ್ವುಗಳು ಪಿಸ್ಟನ್ನಿನ ಪಕ್ಕದಲ್ಲಿ, ಬ್ಲಾಕಿನೊಳಗೇ ಇರುವುದರಿಂದ ಬಡಿದು ಬಾಗುವ ಭಯವಿಲ್ಲ.

ಈಗ ಪ್ರತಿ ವರ್ಷ ಕೊಯ್ಲಿಗೆ ಮೊದಲು ಪುಲ್ಲಿಯ ಮೇಲೆ ಸೀಮೆಸುಣ್ಣದ ಗೀಟು ಎಳೆದು ನೋಡುತ್ತೇನೆ. ಹೊಸ ಚೈನು ಹಾಕಿದಾಗ ಮೂರು ಡಿಗ್ರಿ ಇದ್ದದ್ದು ಈ ವರ್ಷ ನಾಲ್ಕಾಗಿದೆ.