ಜೇಸನ್‌ನಲ್ಲಿ ಬರುವ ಸಮಯ: ಸ್ಟ್ರಿಂಗಾ, ಸ್ವಂತ ಟೈಪಾ, ಎಪಾಕ್ ನಂಬರಾ?

ಉಡುಪಿ–ಮಂಗಳೂರು ಬಸ್ ಆ್ಯಪ್‌ಗೆ ಗೋ ಭಾಷೆಯಲ್ಲಿ ಕೋಡ್ ಬರೆಯುವಾಗ "2025-06-10 06:30:00" ಓದಲು ಆಗುತ್ತಿಲ್ಲ ಅಂದಿರಿ. ಜೇಸನ್‌ಗೆ (ಸರ್ವರ್ ಮತ್ತು ಆ್ಯಪ್ ಡೇಟಾ ಕಳಿಸಿಕೊಳ್ಳುವ ಪಠ್ಯ ರೂಪ) ಸಮಯ ಅನ್ನುವ ಟೈಪೇ ಇಲ್ಲ. ಗೋ ಕೇಳುವುದು ನಡುವೆ ಟಿ ಅಕ್ಷರ, ಕೊನೆಗೆ +05:30 ಥರದ ಝೋನ್, ಅಂದರೆ ಯಾವ ಜಾಗದ ಗಡಿಯಾರ ಅನ್ನುವ ಗುರುತು.

ಬೇಗ ಮುಗಿಯಬೇಕಾ? ಸ್ಟ್ರಿಂಗ್ ಆಗಿ, ಅಂದರೆ ಬರೀ ಅಕ್ಷರಗಳಾಗಿ ತೆಗೆದುಕೊಂಡು ಆಮೇಲೆ ಪಾರ್ಸ್ ಮಾಡಿ (ಸಮಯವಾಗಿ ಬದಲಿಸಿ). ಒಂದೆರಡು ಫೀಲ್ಡ್‌ಗೆ ಸಾಕು. ಹತ್ತು ಕಡೆ ಬಂದರೆ ಎಲ್ಲೋ ಒಂದು ಕಡೆ ಮರೆಯುತ್ತೀರಿ, ಅಲ್ವಾ? ಆಗ ಸ್ವಂತ ಟೈಪ್ ಮಾಡಿ, ಅದಕ್ಕೆ ಅನ್‌ಮಾರ್ಷಲ್ ಮೆಥಡ್ (ಜೇಸನ್‌ನಿಂದ ಓದುವ ಫಂಕ್ಷನ್) ಬರೆಯಿರಿ. ಮೊದಲ ದಿನ ಕೆಲಸ ಜಾಸ್ತಿ, ಆಮೇಲೆ ನೆಮ್ಮದಿ.

ಎರಡರಲ್ಲೂ ಒಂದು ಗುಂಡಿ ಇದೆ. ಝೋನ್ ಇಲ್ಲದಿದ್ದರೆ ಪಾರ್ಸ್ ಅದನ್ನು ಯುಟಿಸಿ (ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ವಿಶ್ವ ಸಮಯ) ಅಂತ ಹಿಡಿಯುತ್ತದೆ. ನಾನೇ ಬಿದ್ದಿದ್ದೇನೆ: ಬೆಳಗ್ಗೆ 6:30ರ ಬಸ್ಸು ಫೋನಿನಲ್ಲಿ ಮಧ್ಯಾಹ್ನ 12ಕ್ಕೆ ಹೊರಟಿತ್ತು! ಪಾರ್ಸ್‌ಇನ್‌ಲೊಕೇಶನ್ ಬಳಸಿ, ಏಷ್ಯಾ/ಕೋಲ್ಕತಾ ಕೊಡಿ.

ಎಪಾಕ್ ನಂಬರಿಗೆ (1970ರ ಜನವರಿ 1ರಿಂದ ಎಣಿಸಿದ ಸೆಕೆಂಡ್ ಅಥವಾ ಮಿಲಿಸೆಕೆಂಡ್) ಈ ಝೋನ್ ರಗಳೆ ಇಲ್ಲ. ಆದರೆ ಲಾಗ್ ನೋಡಿದರೆ ಸುಮ್ನೆ ಅಂಕಿಗಳ ಸಾಲು. ಮಿಲಿಸೆಕೆಂಡನ್ನು ಸೆಕೆಂಡ್ ಅಂದುಕೊಂಡರೆ ಬಸ್ಸು 57 ಸಾವಿರದ ಆಚೆಯ ಇಸವಿಗೆ ಹೋಗುತ್ತದೆ. ಸರ್ವರ್ ನಿಮ್ಮ ಕೈಯಲ್ಲೇ ಇದ್ದು, ಎರಡು ಮೆಷಿನ್ ಮಾತ್ರ ಮಾತಾಡುವುದಾದರೆ ಇದು ಸರಿ. ಬೇರೆಯವರ ಸರ್ವರ್ ಆದರೆ ಸ್ವಂತ ಟೈಪೇ ಗತಿ.