ಝಯಾನಾ, ಬ್ರೈಸಾ? ಮೊಣಕಾಲು ನೋವಿನ ಅಪ್ಪನ ಜೊತೆ ಎರಡನ್ನೂ ಸುತ್ತಿದ ಮೇಲೆ

ಹಾಸನದಿಂದ ಅಪ್ಪ ಅಮ್ಮ ಬಂದಿದ್ದಾಗ, ಜೂನ್‌ನಲ್ಲಿ, ಅಮೆರಿಕದ ಯೂಟಾ ರಾಜ್ಯದ ಈ ಎರಡೂ ನ್ಯಾಷನಲ್ ಪಾರ್ಕುಗಳಿಗೆ ಹೋಗಿ ಬಂದೆವು. ಝಯಾನ್‌ನಲ್ಲಿ ಎರಡು ರಾತ್ರಿ, ಬ್ರೈಸ್ ಕ್ಯಾನ್ಯನ್‌ನಲ್ಲಿ ಒಂದು. ಮೊದಲೇ ವಿಚಾರಿಸಿದಾಗ ಎಲ್ಲರೂ ಹೇಳಿದ್ದು ಒಂದೇ ಮಾತು: ಝಯಾನ್‌ಗೆ ಟೈಮ್ ಕೊಡಿ, ಬ್ರೈಸ್‌ಗೆ ಅರ್ಧ ದಿನ ಸಾಕು. ವಯಸ್ಸಾದವರು ಜೊತೆಗಿದ್ದರೆ ನಾನು ಇದನ್ನು ಉಲ್ಟಾ ಹೇಳುತ್ತೇನೆ.

ಝಯಾನ್‌ನಲ್ಲಿ ನಾವು ಕಣಿವೆಯ ತಳದಲ್ಲಿ ನಿಂತು ಕತ್ತೆತ್ತಿ ನೋಡಬೇಕು. ಬ್ರೈಸ್‌ನಲ್ಲಿ ಅಂಚಿನಲ್ಲಿ ನಿಂತು ಕೆಳಗೆ ನೋಡಬೇಕು. ಬಿಸಿಲು, ಚಳಿ, ಪಾರ್ಕಿಂಗ್, ಮೊಣಕಾಲು, ಎಲ್ಲದಕ್ಕೂ ಮೂಲ ಇದೇ.

ಮೊದಲು ಝಯಾನ್. ನೆವಾಡ ರಾಜ್ಯದ ಲಾಸ್ ವೇಗಸ್‌ನಿಂದ ಬೆಳಿಗ್ಗೆ 6ಕ್ಕೆ ಹೊರಟೆವು. 9ಕ್ಕೆ ಮುಂಚೆ ತಲುಪಿದರೆ ಪಾರ್ಕಿಂಗ್ ಸಿಗಬಹುದು ಅನ್ನುವ ಲೆಕ್ಕ. ಯೂಟಾದ ಗಡಿಯಾರ ನೆವಾಡಕ್ಕಿಂತ ಒಂದು ಗಂಟೆ ಮುಂದಿದೆ ಅನ್ನುವುದು ನನಗೂ ನೆನಪಾಗಲಿಲ್ಲ, ನಮ್ಮವರಿಗೂ ನೆನಪಾಗಲಿಲ್ಲ. ತಲುಪಿದಾಗ ಅಲ್ಲಿ 10 ಗಂಟೆ, ಪಾರ್ಕಿಂಗ್ ಫುಲ್. ಸ್ಪ್ರಿಂಗ್‌ಡೇಲ್ ಊರಲ್ಲಿ ದುಡ್ಡು ಕೊಟ್ಟು ಕಾರು ನಿಲ್ಲಿಸಿ, ಊರಿನ ಬಸ್ಸು ಹತ್ತಿ, ಇಳಿದು, ಪಾರ್ಕಿನ ಬಸ್ಸಿಗೆ ಮತ್ತೆ ಕ್ಯೂ. ಬಸ್ಸು ಓಡುವ ತಿಂಗಳುಗಳಲ್ಲಿ ಕಣಿವೆಯೊಳಗೆ ಸ್ವಂತ ಕಾರು ಬಿಡುವುದಿಲ್ಲ. ಬಸ್ಸೇನೋ ಪುಕ್ಕಟೆ. ಆದರೆ 38 ಡಿಗ್ರಿ ಬಿಸಿಲಲ್ಲಿ ಅಪ್ಪ ಮುಕ್ಕಾಲು ಗಂಟೆ ನಿಂತಿದ್ದರು.

ಕೊನೆಯ ಸ್ಟಾಪಿನಿಂದ ವರ್ಜಿನ್ ನದಿಯ ಪಕ್ಕದಲ್ಲೇ ಒಂದು ದಾರಿ ಇದೆ. ಹೋಗಿ ಬರಲು ಸುಮಾರು 3.5 ಕಿ.ಮೀ., ಹೆಚ್ಚು ಕಡಿಮೆ ಸಮತಟ್ಟು. ಮಗಳಿಗೆ ಇದೇ ಸ್ವರ್ಗ, ಚಪ್ಪಲಿ ಬಿಚ್ಚಿ ನೀರಿಗಿಳಿದಳು. ಅಮ್ಮನೂ ಸೀರೆ ಎತ್ತಿ ಕಟ್ಟಿ ಇಳಿದು, ಒಂದು ಬೊಗಸೆ ನೀರು ತಲೆಗೆ ಚಿಮುಕಿಸಿಕೊಂಡು, ಇನ್ನೊಂದು ಬೊಗಸೆ ತೀರ್ಥ ಅಂತ ಬಾಯಿಯ ಹತ್ತಿರ ತಂದಿದ್ದರು. ಓಡಿ ಹೋಗಿ ಕೈ ಹಿಡಿದೆ. ನದಿಯಲ್ಲಿ ವಿಷದ ಪಾಚಿ ಇರಬಹುದು, ಕುಡಿಯಬೇಡಿ ಅಂತ ಬೋರ್ಡ್ ಇತ್ತು. "ನದಿಗೆಂಥ ಮಡಿ-ಮೈಲಿಗೆ ಹೇಳ್ತೀಯೇ ನೀನು" ಅಂತ ನನಗೇ ಬೈದರು. ಅಪ್ಪ ಮಾತ್ರ ಅರ್ಧ ದಾರಿಯಲ್ಲೇ ಕೂತರು. ಎರಡನೇ ದಿನ ರೂಮ್ ಬಿಟ್ಟು ಹೊರಗೇ ಬರಲಿಲ್ಲ.

ಅಲ್ಲಿಂದ ಬ್ರೈಸ್‌ಗೆ ಎರಡು ಗಂಟೆ ಡ್ರೈವ್. ಮಧ್ಯೆ 1930ರಲ್ಲಿ ಮುಗಿದ ಸುರಂಗ ಸಿಗುತ್ತದೆ, ಬಂಡೆಯೊಳಗೆ ಸುಮಾರು 1.8 ಕಿ.ಮೀ. ಗೋಡೆಯಲ್ಲಿ ಅಲ್ಲಲ್ಲಿ ಕೊರೆದ ಕಿಟಕಿಗಳಿವೆ. ನಿಲ್ಲಿಸುವ ಹಾಗಿಲ್ಲ, ಫೋಟೋ ಆಸೆ ಬಿಡಿ.

ಬ್ರೈಸ್‌ನ ಅಂಚು 2,400 ಮೀಟರಿಗೂ ಮೇಲೆ, ನಮ್ಮ ಮುಳ್ಳಯ್ಯನಗಿರಿಗಿಂತ ಎತ್ತರ. ಹಗಲು ಹಿತ, ರಾತ್ರಿ ನಡುಕ. ಅಪ್ಪನ ಮಂಕಿಕ್ಯಾಪ್ ಕೊನೆಗೂ ಸೂಟ್‌ಕೇಸಿನಿಂದ ಹೊರಬಂತು. ಇಲ್ಲಿಯೂ ಬಸ್ಸಿದೆ, ಆದರೆ ಕಡ್ಡಾಯವಲ್ಲ. ಕಾರು ನಿಲ್ಲಿಸಿ ನಾಲ್ಕು ಹೆಜ್ಜೆ ಹಾಕಿದರೆ ಇಡೀ ದೃಶ್ಯ ಕಣ್ಣ ಮುಂದೆ. ಸನ್‌ಸೆಟ್ ಪಾಯಿಂಟಿನಿಂದ ಸನ್‌ರೈಸ್ ಪಾಯಿಂಟಿನವರೆಗೆ ಟಾರು ದಾರಿ, ಗಾಲಿಕುರ್ಚಿಯೂ ಹೋಗುತ್ತದೆ. ಅಪ್ಪ ಮೂರು ಸಲ ಓಡಾಡಿದರು! ಹೆಸರು ನಂಬಿ ಸಂಜೆ ಮಾತ್ರ ಹೋಗಬೇಡಿ. ಎರಡೂ ಪಾಯಿಂಟುಗಳಿಂದ ನೋಡುವುದು ಪೂರ್ವಕ್ಕೇ. ಬೆಳಗಿನ ಬಿಸಿಲು ಬಿದ್ದಾಗ ಕಲ್ಲಿಗೆ ಒಳಗಿನಿಂದ ದೀಪ ಹಚ್ಚಿಟ್ಟ ಹಾಗಿರುತ್ತದೆ.

ಕೆಳಗೆ ಸಾವಿರಾರು ಕಲ್ಲಿನ ಕಂಬಗಳು. ಬಿರುಕಿಗೆ ಇಳಿದ ನೀರು ರಾತ್ರಿ ಹೆಪ್ಪುಗಟ್ಟಿ, ಹಿಗ್ಗಿ, ಕಲ್ಲು ಒಡೆದು ಆದದ್ದು. ಅಲ್ಲಿನ ಪಾಯೂಟ್ ಮೂಲನಿವಾಸಿಗಳ ಕಥೆಯಲ್ಲಿ ಮಾತ್ರ ಇವರೆಲ್ಲ ಕೆಟ್ಟ ನಡತೆಗಾಗಿ ಕಲ್ಲಾದವರು. ಅದನ್ನು ಹೇಳಿದ್ದೇ ತಡ, ಅಮ್ಮ "ಅಯ್ಯೋ, ಇಷ್ಟೊಂದು ಅಹಲ್ಯೆಯರಾ! ರಾಮ ಒಬ್ಬನೇ ಎಷ್ಟು ಅಂತ ಸುತ್ತುತ್ತಾನೆ" ಅಂದರು.

ಬ್ರೈಸ್‌ನ ತೊಂದರೆಗಳೂ ಇವೆ. ಕಂಬಗಳ ನಡುವೆ ನಡೆಯಬೇಕೆಂದರೆ ಮೊದಲು ಇಳಿಯಬೇಕು, ಆಮೇಲೆ ಹತ್ತಬೇಕು. ಇಳಿಯುವಾಗ ಹಾಡು ಹೇಳುತ್ತಿದ್ದ ಮಗಳು ಹತ್ತುವಾಗ ನನ್ನ ಬೆನ್ನ ಮೇಲಿದ್ದಳು. ಗಾಳಿ ತೆಳು, ಬೇಗ ಏದುಸಿರು ಬರುತ್ತದೆ. ಆ ಎತ್ತರದಲ್ಲಿ ನೀರು ಸುಮಾರು 92 ಡಿಗ್ರಿಗೇ ಕುದಿಯುತ್ತದೆ. ರೂಮಿನ ರೈಸ್ ಕುಕ್ಕರಿನಲ್ಲಿ ಅನ್ನ ನುಚ್ಚುನುಚ್ಚಾಗಿ ಅರೆಬೆಂದಿತ್ತು. ಪುಳಿಯೋಗರೆ ಗೊಜ್ಜು ಕಲಸಿ ಹೇಗೋ ನುಂಗಿದೆವು.

ಖರ್ಚಿನಲ್ಲಿ ಫರಕಿಲ್ಲ, ನಾವು ಹೋದಾಗ ಎರಡೂ ಕಡೆ ಕಾರಿನ ಪ್ರವೇಶಕ್ಕೆ 35 ಡಾಲರ್ ಇತ್ತು. ಊಟಕ್ಕೆ ಎರಡೂ ಅಷ್ಟಕ್ಕಷ್ಟೇ.

ಗಟ್ಟಿ ಕಾಲಿನವರು, ನೀರಾಟದ ಮಕ್ಕಳು ಇದ್ದರೆ ಸುಮ್ನೆ ಝಯಾನ್‌ಗೆ ಹೋಗಿ. ಮುಂದಿನ ಸಲ ಅತ್ತೆ-ಮಾವ ಬರುತ್ತಾರೆ. ಆಗ ಬ್ರೈಸ್‌ನಲ್ಲಿ ಎರಡು ರಾತ್ರಿ ಉಳಿದು, ಝಯಾನ್‌ನ ನದಿಯನ್ನು ದಾರಿಯಲ್ಲಿ ಒಂದು ಬೆಳಿಗ್ಗೆ ಮುಗಿಸುತ್ತೇವೆ. ಅದೂ 7 ಗಂಟೆಗೆ, ಯೂಟಾದ ಗಡಿಯಾರದಲ್ಲಿ.