ಬೆಲುಷಿಯ ಬೆರಳಿನ ಉಂಗುರ: ತಡರಾತ್ರಿ ಟಿವಿಯನ್ನು ಕೆಣಕಿದ ಮೂರು ಕಾಮಿಕ್ಸ್

ಅಮೆರಿಕದ ತಡರಾತ್ರಿ ಟಿವಿ ಕಾಮಿಕ್ಸ್ ಪುಟಕ್ಕೆ ಬಂದರೆ ನಗು ಉಳಿಯುತ್ತಾ? ಮೂರು ಕಾಮಿಕ್ಸ್ ಅಕ್ಕಪಕ್ಕ ಇಟ್ಟುಕೊಂಡು ಓದಿದೆ. ಜೊತೆಗೆ ಸಿಕ್ಕಷ್ಟು ಹಳೇ ಟಿವಿ ತುಣುಕುಗಳನ್ನೂ ನೋಡಿದೆ.

ಮೊದಲನೆಯದು 1978ರ 'ಮಾರ್ವೆಲ್ ಟೀಮ್-ಅಪ್' 74ನೇ ಸಂಚಿಕೆ. 1975ರಲ್ಲಿ ಎನ್‌ಬಿಸಿ ವಾಹಿನಿಯಲ್ಲಿ ಶುರುವಾದ ಸ್ಕಿಟ್ ಶೋ 'ಸ್ಯಾಟರ್ಡೇ ನೈಟ್ ಲೈವ್' ತಂಡದ ಜೊತೆ ಇಲ್ಲಿ ಸ್ಪೈಡರ್‌ಮ್ಯಾನ್ ಇದ್ದಾನೆ. ಆ ರಾತ್ರಿಯ ಹೋಸ್ಟ್ ಬೇರೆ ಯಾರೂ ಅಲ್ಲ, ಸ್ಪೈಡರ್‌ಮ್ಯಾನ್‌ನ ಸೃಷ್ಟಿಕರ್ತರಲ್ಲಿ ಒಬ್ಬನಾದ ಸ್ಟ್ಯಾನ್ ಲೀ! ತಂಡದ ನಟ ಜಾನ್ ಬೆಲುಷಿಗೆ ಅಂಚೆಯಲ್ಲಿ ತಪ್ಪಾಗಿ ಒಂದು ಉಂಗುರ ಬರುತ್ತದೆ. ಹಾಕಿಕೊಂಡರೆ ಬಿಚ್ಚಲು ಆಗುವುದಿಲ್ಲ. ಅದಕ್ಕಾಗಿ ಖಳನಾಯಕ ಸಿಲ್ವರ್ ಸಮುರಾಯ್ ಸ್ಟುಡಿಯೋಗೇ ನುಗ್ಗುತ್ತಾನೆ. ಟಿವಿಯಲ್ಲಿ ಬೆಲುಷಿ ಸಮುರಾಯ್, ಅಂದರೆ ಜಪಾನಿ ಯೋಧನ ವೇಷಕ್ಕೆ ಹೆಸರುವಾಸಿ. ವೇಷದ ಸಮುರಾಯ್ ಎದುರಿಗೆ ಅಸಲಿ ಸಮುರಾಯ್! ಐಡಿಯಾ ಭರ್ಜರಿ, ಅಲ್ವಾ?

ಆದರೆ ನನಗೆ ನಗು ಬಂದದ್ದು ಕಡಿಮೆ. ಬೆಲುಷಿಯ ತಮಾಷೆ ಇರುವುದು ಅವನ ಗೊಣಗಾಟದಲ್ಲಿ, ಮೇಲೇರುವ ಹುಬ್ಬಿನಲ್ಲಿ. ಕಾಗದದ ಮೇಲೆ ಗೊಣಗಾಟ ಕೇಳಿಸಲ್ಲ. ಇನ್ನೊಂದು ತೊಂದರೆ, ಇದರಲ್ಲಿ ಸ್ವಲ್ಪವೂ ಕುಟುಕು ಇಲ್ಲ. ಹೆಸರೂ ಮುಖವೂ ಅಸಲಿಯೇ, ಹಾಗಾಗಿ ಅತಿಥಿ ಸತ್ಕಾರದ ಧಾಟಿ. ಅಣಕಕ್ಕೇ ಹೆಸರಾದ 'ಮ್ಯಾಡ್' ಪತ್ರಿಕೆಯವರು ಹೀಗೆ ಮಾಡುತ್ತಿರಲಿಲ್ಲ. ಶೋನ ಹೆಸರನ್ನೇ ತಿರುಚುತ್ತಿದ್ದರು, ವ್ಯಂಗ್ಯಚಿತ್ರಕಾರ ಮಾರ್ಟ್ ಡ್ರಕರ್ ಕೈಯಲ್ಲಿ ಮುಖವನ್ನೂ ಎಳೆದಾಡುತ್ತಿದ್ದರು. 1957ರಿಂದ 2001ರವರೆಗೆ ಜಾಹೀರಾತನ್ನೇ ತೆಗೆದುಕೊಳ್ಳದ ಪತ್ರಿಕೆ ಅದು. ಯಾರ ಮುಲಾಜಿಗೆ ಬೀಳಬೇಕು?

ಮಜಾ ಅಂದರೆ, ಮರುವರ್ಷ ಟಿವಿಯವರೇ ತಿರುಗಿ ಹೊಡೆದರು. 1979ರ ಮಾರ್ಚ್‌ನಲ್ಲಿ 'ಸೂಪರ್‌ಮ್ಯಾನ್' ಸಿನಿಮಾದ ನಾಯಕಿ ಮಾರ್ಗಾಟ್ ಕಿಡರ್ ಹೋಸ್ಟ್ ಆಗಿದ್ದ 'ಸ್ಯಾಟರ್ಡೇ ನೈಟ್ ಲೈವ್' ಸಂಚಿಕೆಯಲ್ಲಿ ಸೂಪರ್‌ಮ್ಯಾನ್ ಮನೆಯಲ್ಲಿ ಪಾರ್ಟಿ. ಬೆಲುಷಿ ಹಲ್ಕ್, ಬಿಲ್ ಮರೆ ಸೂಪರ್‌ಮ್ಯಾನ್. ಗ್ಯಾರೆಟ್ ಮಾರಿಸ್ ಇರುವೆಯಷ್ಟು ಕುಗ್ಗಬಲ್ಲ ಆ್ಯಂಟ್-ಮ್ಯಾನ್ ಆಗಿ ಬಂದರೆ ಉಳಿದವರೆಲ್ಲ ಅವನ ಶಕ್ತಿಯನ್ನೇ ಗೇಲಿ ಮಾಡುತ್ತಾರೆ. ಕಾಮಿಕ್ಸ್ ಟಿವಿಯನ್ನು ಅಣಕಿಸಿದ್ದಕ್ಕಿಂತ ಟಿವಿ ಕಾಮಿಕ್ಸನ್ನು ಅಣಕಿಸಿದ್ದೇ ಜಾಸ್ತಿ ಚೆನ್ನಾಗಿದೆ. ಮಾರ್ವೆಲ್ ಅಭಿಮಾನಿಗಳು ಕ್ಷಮಿಸಿ.

ಎರಡನೆಯದು ಜನವರಿ 1984ರ 'ಅವೆಂಜರ್ಸ್' 239ನೇ ಸಂಚಿಕೆ. ಇದು ಸ್ಕಿಟ್ ಶೋ ಅಲ್ಲ, ಡೇವಿಡ್ ಲೆಟರ್‌ಮನ್‌ನ ಮಾತುಕತೆಯ ಶೋ. ಹಾಕ್‌ಐ, ಬೀಸ್ಟ್, ವಂಡರ್‌ಮ್ಯಾನ್ ಎಂಬ ಸೂಪರ್‌ಹೀರೋಗಳೆಲ್ಲ ಸೋಫಾ ಮೇಲೆ. ಮಧ್ಯೆ ಒಬ್ಬ ಅರೆಬೆಂದ ಖಳ ಬರುತ್ತಾನೆ, ಅವನನ್ನು ಹೊಡೆದುರುಳಿಸುವುದು ಲೆಟರ್‌ಮನ್. ಸುಮ್ನೆ ಒಂದು ಸಂಜೆಗೆ ಸಾಕು.

ಮೂರನೆಯದು ಹಾರ್ವಿ ಪೇಕರ್‌ನ 'ಅಮೆರಿಕನ್ ಸ್ಪ್ಲೆಂಡರ್'. ಇಲ್ಲಿ ಸೂಪರ್‌ಹೀರೋ ಇಲ್ಲ. ಕ್ಲೀವ್‌ಲ್ಯಾಂಡ್‌ನ ಆಸ್ಪತ್ರೆಯಲ್ಲಿ ಫೈಲ್ ಜೋಡಿಸುವ ಗುಮಾಸ್ತ, ಅಂದರೆ ಪೇಕರ್ ತಾನೇ, ಅಷ್ಟೇ. 1986ರಿಂದ ಲೆಟರ್‌ಮನ್ ಅವನನ್ನು ಮತ್ತೆ ಮತ್ತೆ ಕರೆಸಿದ. ಅದೇ ವರ್ಷ, ಆ ಶೋ ಬರುತ್ತಿದ್ದ ಎನ್‌ಬಿಸಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಪಾಲಾಗಿತ್ತು. ಪೇಕರ್ ಆ ಶೋನಲ್ಲೇ ಕೂತು ಆ ಕಂಪನಿಯನ್ನು ಬೈಯತೊಡಗಿದ. 1988ರಲ್ಲಿ ಲೆಟರ್‌ಮನ್ ಜೊತೆಗಿನ ಜಗಳ ಮುಗಿಲಿಗೇರಿತು.

ಇದನ್ನೆಲ್ಲ ಅವನು ಕಥೆಯಾಗಿಯೂ ಬರೆದ. ಟಿವಿಯಲ್ಲಿ ಅವನು ಸಿಡುಕು ಮೂತಿಯ ಜೋಕರ್. ಕಾಮಿಕ್ಸ್‌ನಲ್ಲಿ ಲೆಕ್ಕ ಬಲ್ಲ ಮನುಷ್ಯ: ಶೋಗೆ ಹೋದರೆ ಪುಸ್ತಕ ಮಾರಾಟವಾಗುತ್ತಾ, ಎಷ್ಟು ಅವಮಾನ ನುಂಗಬಹುದು ಎಂದು ತೂಗುತ್ತಾನೆ. ಮೂರರಲ್ಲಿ ಟಿವಿಯ ಒಳಗನ್ನು ತೋರಿಸಿದ್ದು ಇದೊಂದೇ.

ಓದಬೇಕೆಂದರೆ ಸ್ಪೈಡರ್‌ಮ್ಯಾನ್‌ನಿಂದ ಶುರುಮಾಡಿ. ಪೇಕರ್‌ನನ್ನು ಓದುವ ಮುಂಚೆ ಮಾತ್ರ 1988ರ ಆ ಸಂದರ್ಶನ ನೋಡಿಬಿಡಿ. ಓದಿದ ಮೇಲೆ ನೋಡಿದರೆ ಲೆಟರ್‌ಮನ್ ಏನೇ ಹೇಳಿದರೂ ಸಿಟ್ಟೇ ಬರುತ್ತದೆ, ಮತ್ತು ಆ ರಾತ್ರಿ ಅವನು ಹೇಳಿದ್ದರಲ್ಲಿ ಒಂದೆರಡು ನಿಜವಾಗಿಯೂ ನಗು ತರಿಸುವಂಥವು.